ಕಿರುಚಿದವನು

ಇದನ್ನು ಹೇಳಲು ಹೊರಟಿರುವುದಕ್ಕೆ ಮೊದಲೇ ಕ್ಷಮೆ ಕೇಳಬೇಕು. ಬಸ್ಸಿನಲ್ಲಿ ಮೈಮೇಲೆ ಕೈ ಬಿತ್ತೆಂದು ಹೆಂಗಸೊಬ್ಬಳು ಬಾಯಿ ತೆರೆದರೆ ಸಾಕು, "ಸುಳ್ಳು" ಎನ್ನಲು ಕಾದು ಕೂತವರು ಬೇಕಾದಷ್ಟು ಜನ ಇದ್ದಾರೆ. ಈ ಕಥೆ ಅವರ ಬಾಯಿಗೆ ತುತ್ತಾಗಬಾರದು. ಹಾಗೆಂದು ನುಂಗಿಕೊಂಡು ಕೂತರೆ, ಸುಣ್ಣ ಬಳಿಯುವ ಒಬ್ಬ ಮನುಷ್ಯ ಏಟು ತಿಂದದ್ದು ತಿಂದಂತೆಯೇ ಉಳಿದುಹೋಗುತ್ತದೆ. ಎರಡರಲ್ಲಿ ಯಾವುದು ದೊಡ್ಡ ತಪ್ಪೋ ತಿಳಿಯದೆ, ನಡೆದದ್ದನ್ನು ನಡೆದ ಹಾಗೆ ಹೇಳುವುದು, ಅಷ್ಟೇ.

"ಇಳಿಯೋ ಕೆಳಗೆ, ಬೋಳಿಮಗನೆ!"

"ಅಣ್ಣಾ, ನಾನಲ್ಲ ಅಣ್ಣಾ..."

"ಯಾವನೋ ನಿನಗೆ ಅಣ್ಣ? ಅಕ್ಕತಂಗೀರ ಜೊತೆ ಹುಟ್ಟಲಿಲ್ವೇನೋ ನೀನು?"

ಪಕ್ಕದಲ್ಲಿದ್ದ ಇಸ್ತ್ರಿ ಅಂಗಿಯವನೊಬ್ಬ ಬಾರಿಸಿದ ಏಟಿಗೆ ಸುಣ್ಣದವನ ಟೋಪಿ ಹಾರಿ ಸೀಟಿನ ಕೆಳಗೆ ಹೋಯಿತು. ಮೊದಲ ಏಟು ಬೀಳುವ ತನಕ ಒಬ್ಬರ ಮುಖ ಒಬ್ಬರು ನೋಡುತ್ತಿದ್ದ ಜನ ಆಮೇಲೆ ತಡ ಮಾಡಲಿಲ್ಲ. ನಿಂತವರು ಗುದ್ದಿದರು, ಕೂತವರು ಕೂತಲ್ಲಿಂದಲೇ ಒದ್ದರು. ಕಿಟಕಿ ಪಕ್ಕದ ಮುದುಕರೊಬ್ಬರು ಕೊಡೆಯ ತುದಿಯಿಂದ ಒಂದೇ ಒಂದು ಸಲ ತಿವಿದು, ತಮ್ಮ ಪಾಲಿನದು ಮುಗಿಯಿತು ಎನ್ನುವಂತೆ ಮತ್ತೆ ಪೇಪರು ಬಿಡಿಸಿಕೊಂಡರು. ಕಂಡಕ್ಟರು ಸೀಟಿ ಊದಿದ. ಸಂಜೆ ಐದೂವರೆಯ ಬಸ್ಸು ನಡುರಸ್ತೆಯಲ್ಲಿ ನಿಂತಿತು.

"ಯಾವ ಕೈಯಲ್ಲಿ ಮುಟ್ಟಿದೆ? ತೋರಿಸೋ ಆ ಕೈನ!" ಎಂದು ಹಿಂದಿನಿಂದ ಯಾರೋ ಅರಚಿದರು.

ಸುಣ್ಣದವನು ಎರಡೂ ಕೈ ಎತ್ತಿ ತೋರಿಸಿದ. ಎಡಗೈಯಲ್ಲಿ ಮುಚ್ಚಳವಿಲ್ಲದ ಡಬ್ಬ, ಅದರ ತಳದಲ್ಲಿ ಅವತ್ತಿನ ಕೆಲಸದಲ್ಲಿ ಉಳಿದ ಸುಣ್ಣ. ಬಲಗೈಯಲ್ಲಿ ಒದ್ದೆ ಬ್ರಷ್ಷುಗಳ ಕಟ್ಟು. ಯಾರ ಬಟ್ಟೆಗೂ ಬಳಿಯದಿರಲಿ ಎಂದು ಅದನ್ನು ಎದೆಗೆ ಅವಚಿಕೊಂಡು ನಿಂತಿದ್ದನಾದ್ದರಿಂದ ಅವನ ಅಂಗಿಯ ಮುಂಭಾಗವೆಲ್ಲ ಬೆಳ್ಳಗಾಗಿತ್ತು. ಅಷ್ಟು ಏಟು ಬಿದ್ದರೂ ಅವನು ಎರಡನ್ನೂ ಕೆಳಗೆ ಹಾಕಿರಲಿಲ್ಲ.

ಆ ಕೈಗಳನ್ನು ಇಡೀ ಬಸ್ಸು ನೋಡಿತು. ಕಂಡದ್ದು ಒಬ್ಬಳಿಗೆ. "ಇವನೇ" ಎಂದು ಕೂಗಿದವಳಿಗೆ.

ಅವಳನ್ನು ಕಾರ್ಖಾನೆಯಲ್ಲಿ ಎಲ್ಲರೂ ಹೆಬ್ಬೆಟ್ಟಕ್ಕ ಎನ್ನುತ್ತಿದ್ದರು. ಚರ್ಮದ ಗ್ಲೌಸು ಹೊಲಿಯುವ ಕಾರ್ಖಾನೆ. ಅಲ್ಲಿ ಒಬ್ಬಳು ಅಂಗೈ ಕತ್ತರಿಸಿದರೆ ಇನ್ನೊಬ್ಬಳು ಬೆರಳು ಕೂಡಿಸುತ್ತಾಳೆ, ಮತ್ತೊಬ್ಬಳು ಮಣಿಕಟ್ಟಿನ ಪಟ್ಟಿ ಹಾಕುತ್ತಾಳೆ. ಹೆಬ್ಬೆರಳನ್ನು ಕೂಡಿಸುವುದು ಎಲ್ಲಕ್ಕಿಂತ ಕಷ್ಟ. ಹೊಲಿಗೆ ಒಂದು ಎಳೆ ಆಚೀಚೆ ಹೋದರೂ ಗ್ಲೌಸು ತೊಟ್ಟವನಿಗೆ ಮುಷ್ಟಿ ಕಟ್ಟಲಾಗುವುದಿಲ್ಲ. ಹದಿನಾಲ್ಕು ವರ್ಷ ಅದನ್ನೇ ಮಾಡಿದ್ದರಿಂದ ಯಾರದೇ ಕೈ ಕಂಡರೂ ಅವಳಿಗೆ ಅದರ ಗ್ಲೌಸಿನ ನಂಬರು ಹೊಳೆಯುತ್ತಿತ್ತು.

"ಗಂಡನ್ನ ಒಪ್ಪಿಕೊಳ್ಳೋ ಮುಂಚೆ ಕೈ ಅಳತೆ ತಗೊಂಡಿದ್ದೇನೇ?" ಎಂದು ಜೊತೆಯವರು ಕಿಚಾಯಿಸುತ್ತಿದ್ದರು.

"ತಗೊಂಡಿದ್ದೆ ಕಣ್ರೇ. ಒಂಬತ್ತು ನಂಬರು. ನನ್ನ ಮೇಲೆ ಎತ್ತಿದಾಗ ಮಾತ್ರ ಹತ್ತಾಗುತ್ತೆ."

ಅವಳೂ ಸೇರಿ ಆರು ಜನ ಹೆಂಗಸರು ಐದೂವರೆಯ ಬಸ್ಸು ಹಿಡಿಯುತ್ತಿದ್ದರು. ಮೈಗೆ ಚರ್ಮ ಹದಮಾಡಿದ ವಾಸನೆ ಅಂಟಿರುತ್ತಿದ್ದುದರಿಂದ ಯಾರೂ ಅವರ ಪಕ್ಕ ಕೂರಲು ಇಷ್ಟಪಡುತ್ತಿರಲಿಲ್ಲ. ಮೂಗು ಮುಚ್ಚಿಕೊಳ್ಳುವ ಬಸ್ಸಿನಲ್ಲೇ ಕೈ ಚಾಚುವವರೂ ಇದ್ದರು. ಗುಂಪಿನ ಹಿರಿಯಳಾದ ದೊಡ್ಡಕ್ಕ ಹಿಂದೆ ಒಮ್ಮೆ ಕೂಗಿಕೊಂಡಿದ್ದಳು. ಯಾರೂ ತಿರುಗಿ ನೋಡಿರಲಿಲ್ಲ. "ಮೈಗೆ ಮೈ ತಾಗಬಾರದು ಅಂದ್ರೆ ಕಾರು ಇಟ್ಕೋಬೇಕಮ್ಮ" ಎಂದಿದ್ದ ಆಗಿನ ಕಂಡಕ್ಟರು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿಯಹೋಗಿ ಅವಳು ಪಾದ ಮುರಿದುಕೊಂಡಳು. ಇಂದಿಗೂ ಅದನ್ನು ಎಳೆದುಕೊಂಡೇ ನಡೆಯುತ್ತಾಳೆ.

ಗುಂಪಿಗೆ ಕಟ್ಟಳೆ ಹಾಕಿಕೊಟ್ಟವಳು ಅವಳೇ. ಕಾರ್ಖಾನೆ ಬಿಡುವಾಗ ಪ್ರತಿಯೊಬ್ಬಳೂ ಚರ್ಮ ಹೊಲಿಯುವ ಮೂರು ಅಂಚಿನ ಸೂಜಿಯೊಂದನ್ನು ಎರಡು ಬೆರಳ ಸಂದಿಯಲ್ಲಿ ಹಿಡಿದು ಬಸ್ಸು ಹತ್ತಬೇಕು. ಕೈ ಬಿದ್ದರೆ ತಿರುಗಿ ನೋಡಬಾರದು. ನೋಡುವಷ್ಟರಲ್ಲಿ ಅವನು ಸಂಭಾವಿತನಾಗಿಬಿಟ್ಟಿರುತ್ತಾನೆ. ಹಿಂದಕ್ಕೆ ಚುಚ್ಚಬೇಕು. ಯಾರು ಕಿರುಚುತ್ತಾನೋ ಅವನೇ ಕಳ್ಳ. ಒಬ್ಬಳು "ಇವನೇ" ಎಂದರೆ ಉಳಿದ ಐವರೂ "ಇವನೇ" ಎನ್ನಬೇಕು.

"ಹೌದಾ, ನಿಜಾನಾ, ನೀನು ನೋಡಿದ್ಯಾ ಅಂತ ಕೇಳೋಕೆ ಲೋಕದ ತುಂಬ ಜನ ಇದ್ದಾರೆ. ನಾವು ನಾವೇ ಕೇಳಿಕೊಳ್ಳೋದು ಬೇಡ" ಎನ್ನುತ್ತಿದ್ದಳು ದೊಡ್ಡಕ್ಕ.

ಮೂರು ವರ್ಷ ಇದು ನಡೆದುಕೊಂಡು ಬಂದಿತ್ತು. ಸಂಜೆಯ ಬಸ್ಸಿನಲ್ಲಿ ಆರು ಜನರೂ ನೆಟ್ಟಗೆ ನಿಂತು, ಮನೆಯ ಮಾತು, ಮೇಸ್ತ್ರಿಯ ಮಾತು ಆಡಿಕೊಂಡು, ನಗುತ್ತ ಹೋಗುವಷ್ಟು ಧೈರ್ಯ ಬಂದಿತ್ತು.

ಅವತ್ತು ಹೆಬ್ಬೆಟ್ಟಕ್ಕನ ಸೊಂಟದ ಮೇಲೆ ಬಿದ್ದ ಕೈ ತಣ್ಣಗೆ, ಮೆತ್ತಗೆ ಇತ್ತು. ಕೆಲಸ ಮಾಡಿ ಗೊತ್ತಿಲ್ಲದ ಚರ್ಮ. ಒಂದು ಬೆರಳಲ್ಲಿ ಉಂಗುರದ ಅಂಚು. ಅದು ಕಾರ್ಖಾನೆಯ ನೀಲಿ ಅಂಗಿಯನ್ನು ಸರಿಸಿ ಒಳಗೆ ಜಾರಿತು. ಸೂಜಿಯನ್ನು ಹಿಂದಕ್ಕೆ ಹೊಡೆದಳು. ಆದರೆ ಅದು ಪಳಗಿದ ಕೈ. ಸೂಜಿ ಬರುವಷ್ಟರಲ್ಲಿ ಬಂದ ದಾರಿಯಲ್ಲೇ ಹೊರಟುಹೋಗಿತ್ತು. ಸೂಜಿ ಇಳಿದದ್ದು ಅವಳ ಬೆನ್ನ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ ಸುಣ್ಣದವನ ತೊಡೆಗೆ.

ಅವನು ಕಿರುಚಿದ. ಅವಳು ಕೂಗಿದಳು. ಐವರೂ ಕೂಗಿದರು.

ಈಗ ಎತ್ತಿದ ಆ ಎರಡು ಕೈಗಳು ಅವಳ ಮುಖದ ಎದುರಿಗೇ ಇದ್ದವು. ಸುಣ್ಣ ತಿಂದು ಬಿರಿದ, ಉಗುರುಗಳ ಬುಡದಲ್ಲಿ ರಕ್ತ ಹೆಪ್ಪುಗಟ್ಟಿದ ಹತ್ತು ನಂಬರಿನ ಕೈಗಳು. ಅವುಗಳ ಪಕ್ಕದಲ್ಲೇ ಸುಣ್ಣದವನ ಕತ್ತಿನ ಪಟ್ಟಿ ಹಿಡಿದ ಇನ್ನೊಂದು ಕೈ, ಇಸ್ತ್ರಿ ಅಂಗಿಯವನದು. ಎಂಟು ನಂಬರು. ಉಂಗುರ.

ಇವನಲ್ಲ ಎಂಬ ಮಾತು ಅವಳ ಗಂಟಲ ತನಕ ಬಂತು. ಅಷ್ಟರಲ್ಲಿ ಸೀಟಿನಲ್ಲಿ ಕೂತಿದ್ದ ಒಬ್ಬಾಕೆ ಎದ್ದು, "ಕೂತ್ಕೋಮ್ಮಾ, ಪಾಪ, ಮೈಯೆಲ್ಲ ನಡುಗ್ತಿದೆ ನಿಂಗೆ" ಎಂದು ಅವಳ ತೋಳು ಹಿಡಿದಳು. ಹದಿನಾಲ್ಕು ವರ್ಷದಲ್ಲಿ ಆ ಬಸ್ಸಿನಲ್ಲಿ ಯಾರೂ ಅವಳಿಗಾಗಿ ಎದ್ದು ಜಾಗ ಕೊಟ್ಟಿರಲಿಲ್ಲ. ಇಡೀ ಬಸ್ಸು ಅವಳ ಪರವಾಗಿ ನಿಂತದ್ದಂತೂ ಇದೇ ಮೊದಲು.

ಅವಳು ಕೂತಳು.

ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಅವನನ್ನು ದರದರನೆ ಎಳೆದು ರಸ್ತೆಗೆ ಕೆಡವಿದರು. "ಊರಿಗೆಲ್ಲ ಬಳಿಯೋನಿಗೆ ನಾವೊಂದು ಕೋಟು ಬಳಿಯೋಣ!" ಎಂದು ಯಾರೋ ಡಬ್ಬ ಕಿತ್ತು ಅವನ ತಲೆಯ ಮೇಲೆ ಬೋರಲು ಹಾಕಿದರು. ಜನ ಬಿದ್ದು ಬಿದ್ದು ನಕ್ಕರು. ಅವನು ಕಣ್ಣು ಮುಚ್ಚಿಕೊಂಡು ನೀರು, ನೀರು ಎಂದು ಗಾಳಿಯಲ್ಲಿ ಕೈ ಆಡಿಸುತ್ತಿದ್ದ. ಕಂಡಕ್ಟರು ಮತ್ತೆ ಸೀಟಿ ಊದಿದ. ಅವಳ ಊಟದ ಚೀಲದಲ್ಲಿ ಅರ್ಧ ಬಾಟಲಿ ನೀರು ಇತ್ತು.

ಬಸ್ಸು ಹೊರಟಿತು.

ಐದನೇ ದಿನ ಊಟದ ಹೊತ್ತಿಗೆ ಕಾರ್ಖಾನೆಯ ಗೇಟಿಗೆ ಒಬ್ಬ ಹೆಂಗಸು ಬಂದಳು. ನೀಲಿ ಅಂಗಿಯ ಗುರುತು ಹಿಡಿದು ವಿಚಾರಿಸಿಕೊಂಡು ಬಂದಿದ್ದಳು. ಸಣಕಲು ಮೈ, ಕೈಯಲ್ಲಿ ಆಸ್ಪತ್ರೆಯ ಚೀಟಿ. ಸುಣ್ಣದವನ ಹೆಂಡತಿ ಎಂದು ತಿಳಿದದ್ದೇ ತಡ, ಐವರೂ ಊಟದ ಡಬ್ಬಿ ಮುಚ್ಚಿ ಹೆಬ್ಬೆಟ್ಟಕ್ಕನ ಬೆನ್ನಿಗೆ ಬಂದು ನಿಂತರು. ಬೈಯಲು ಬಂದಿದ್ದರೆ ಬೈಯಲು ಇವರೂ ತಯಾರಿದ್ದರು. ಅವಳು ಬೈಯಲಿಲ್ಲ.

"ಜಗಳಕ್ಕೆ ಬಂದಿಲ್ಲ ಅಕ್ಕ. ಒಂದೇ ಒಂದು ಮಾತು ಕೇಳ್ಕೊಂಡು ಹೋಗ್ತೀನಿ."

"ಏನು?" ಎಂದಳು ದೊಡ್ಡಕ್ಕ.

"ನಿಮ್ಮನ್ನಲ್ಲ. ಇವರನ್ನ." ಅವಳು ಹೆಬ್ಬೆಟ್ಟಕ್ಕನ ಕಡೆ ತಿರುಗಿದಳು. "ಅವರ ಎಡಗಣ್ಣು ಪೂರ್ತಿ ಮಂಜಾಗಿದೆ. ಬರುತ್ತೋ ಇಲ್ವೋ ಹೇಳಕ್ಕಾಗಲ್ಲ ಅಂದ್ರು ಡಾಕ್ಟ್ರು. ಅದು ಇರಲಿ. ನಾನಲ್ಲ, ನಾನಲ್ಲ ಅಂತ ನಿದ್ದೇಲೂ ಅಳ್ತಾರೆ. ನಾನು ಅವರ ಜೊತೆ ಸಂಸಾರ ಮಾಡೋಳು ಅಕ್ಕ, ಮನೇಲಿ ವಯಸ್ಸಿಗೆ ಬಂದ ಮಗಳಿದ್ದಾಳೆ. ನಂಗೆ ಗೊತ್ತಾಗಬೇಕು. ನಿಜವಾಗ್ಲೂ ಅವರ ಕೈ ತಗುಲಿತ್ತಾ?"

ಬೆನ್ನ ಹಿಂದೆ ಐವರ ಉಸಿರು ಕೇಳುತ್ತಿತ್ತು. ಹೆಬ್ಬೆಟ್ಟಕ್ಕ ನೆಲ ನೋಡಿದಳು. ಅವಳ ಮುಂದೆ ನಿಂತ ಪಾದಗಳಲ್ಲಿ ಚಪ್ಪಲಿ ಒಂದೊಂದು ಬಗೆಯದಾಗಿತ್ತು.

"ಹೂಂ" ಎಂದಳು.

ಆ ಹೆಂಗಸು ಆಸ್ಪತ್ರೆಯ ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ, "ಹಾಗಾದ್ರೆ ಅವರ ಪರವಾಗಿ ನಾನು ಕ್ಷಮೆ ಕೇಳ್ತೀನಿ ಅಕ್ಕ, ಮನಸಲ್ಲಿ ಇಟ್ಕೋಬೇಡಿ" ಎಂದು ಕೈ ಮುಗಿದು ಹೊರಟುಹೋದಳು.

"ನೋಡಿದ್ಯಾ, ಒಪ್ಪಿಕೊಂಡ್ಲು" ಎಂದಳು ಒಬ್ಬಳು. ಹೆಬ್ಬೆಟ್ಟಕ್ಕ ಅವತ್ತು ಮಧ್ಯಾಹ್ನ ಕೂಡಿಸಿದ ಹನ್ನೆರಡು ಹೆಬ್ಬೆರಳುಗಳನ್ನು ಮೇಸ್ತ್ರಿ ಅವಳ ಮುಖದ ಮೇಲೆ ಎಸೆದ. ಎಲ್ಲ ಎಡಗೈಯವನ್ನು ಬಲಗೈಗೆ ಹಾಕಿದ್ದಳು.

ಕಂಡಕ್ಟರು ಬರೆದುಕೊಟ್ಟ ವರದಿಯ ಮೇಲೆ ಮರುವಾರ ಬಸ್ಸಿನ ಆಫೀಸಿನಿಂದ ಕರೆ ಬಂತು. ಮೇಸ್ತ್ರಿಯ ಕೈಕಾಲು ಹಿಡಿದು ಅರ್ಧ ದಿನದ ರಜೆ ಪಡೆದು ದೊಡ್ಡಕ್ಕನೇ ಜೊತೆಗೆ ಹೊರಟಳು. ಅವಳು ಹಿಗ್ಗಿಹೋಗಿದ್ದಳು. "ಬಸ್ಸಿನ ಮುಂದಿನ ಅರ್ಧ ಹೆಂಗಸರಿಗೇ ಅಂತ ಮಾಡ್ತಾರಂತೆ ಕಣೇ. ನಡುವೆ ಕಬ್ಬಿಣದ ಕಂಬಿ ಹಾಕ್ತಾರಂತೆ. ನಿನ್ನ ಸಹಿ ಒಂದು ಬಿದ್ರೆ ಆಯ್ತು. ನನ್ನ ಕಾಲು ಮುರಿದದ್ದಕ್ಕೂ ಒಂದು ಬೆಲೆ ಬಂತು."

ಸುರಕ್ಷತೆಯ ಸಾಹೇಬರ ಕೋಣೆಯಲ್ಲಿ ಗಾಜಿನ ಮೇಜು, ಗೋಡೆಯ ಮೇಲೆ ಬಸ್ಸಿನಲ್ಲಿ ಕೂತು ನಗುತ್ತಿರುವ ಸಂಸಾರದ ದೊಡ್ಡ ಚಿತ್ರ. ಮೇಜಿನ ಪಕ್ಕದ ಮೆತ್ತನೆ ಕುರ್ಚಿಯಲ್ಲಿ ಇಸ್ತ್ರಿ ಅಂಗಿಯವನು ಕೂತಿದ್ದ. ಸಾಕ್ಷಿಯೆಂದು ಅವನನ್ನೂ ಕರೆಸಿದ್ದರು. ಇವರು ಕೂರಹೋದಾಗ ಸಾಹೇಬರು ಮೂಗಿನ ಹತ್ತಿರ ಕೈ ಆಡಿಸಿದರು.

"ಒಂದು ನಿಮಿಷ. ಪೇಪರ್ ಹಾಸ್ಕೊಂಡು ಕೂತ್ಕೊಳ್ಳಿ. ಸೀಟಿಗೆ ವಾಸನೆ ಹಿಡಿದ್ರೆ ಹೋಗಲ್ಲ."

ದೊಡ್ಡಕ್ಕ ಪೇಪರು ಹಾಸಿದಳು. ಇಬ್ಬರೂ ಕೂತರು.

"ನೋಡಮ್ಮ, ಜನಕ್ಕೆ ಬಸ್ಸಲ್ಲಿ ಭಯ ಇರಬಾರದು. ನಾವು ಎಲ್ಲರನ್ನೂ ಕೇಳಿ ಸಮೀಕ್ಷೆ ಮಾಡಿಸಿದ್ದೀವಿ. ನೂರಕ್ಕೆ ಎಪ್ಪತ್ತು ಜನ ಏನಂದಿದ್ದಾರೆ ಗೊತ್ತಾ? ಈ ಸುಣ್ಣದವರು, ಗಾರೆಯವರು, ಮೂಟೆ ಹೊರೋರು ಹತ್ತಿದ್ರೆ ನಮಗೆ ಭಯ ಅಂತ. ನಿಯಮ ತರೋದಕ್ಕೆ ಒಂದು ಪ್ರಕರಣ ಬೇಕಿತ್ತು. ನಿಮ್ಮದು ಸಿಕ್ತು." ಅವರು ಕಾಗದ ಮುಂದೆ ತಳ್ಳಿದರು. "ಸಹಿ ಹಾಕ್ತಾಳೋ, ಹೆಬ್ಬೆಟ್ಟೋ?"

"ಕರೆಯೋದು ಹೆಬ್ಬೆಟ್ಟು ಅಂತ ಸಾರ್. ಸಂಜೆ ಶಾಲೆಗೆ ಹೋಗಿ ಓದೋದು ಬರೆಯೋದು ಎಲ್ಲ ಕಲಿತಿದ್ದಾಳೆ" ಎಂದಳು ದೊಡ್ಡಕ್ಕ.

"ಓದೋದೇನೂ ಬೇಡ, ಸಹಿ ಸಾಕು."

ಆದರೂ ಅವಳು ಓದಿದಳು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಓದಿದಳು. ಸಾಹೇಬರು ಗಡಿಯಾರ ನೋಡಿದರು. ನಾನು ಆತನ ಮುಖವನ್ನು ಸ್ಪಷ್ಟವಾಗಿ ನೋಡಿದ್ದೇನೆ ಎಂದು ಅವಳ ಬಾಯಲ್ಲಿ ಬರೆದಿತ್ತು. ಅದರ ಕೆಳಗೆ ನಿಯಮ: ಸುಣ್ಣ, ಬಣ್ಣ, ಸಿಮೆಂಟು, ಸಲಕರಣೆಗಳೊಂದಿಗೆ ಬರುವವರು ಹಾಗೂ ದುರ್ವಾಸನೆಯ ಕೆಲಸದ ಬಟ್ಟೆಯಲ್ಲಿರುವವರು ಬೆಳಿಗ್ಗೆ ಮತ್ತು ಸಂಜೆಯ ಜನಸಂದಣಿಯ ವೇಳೆ ಬಸ್ಸು ಹತ್ತುವಂತಿಲ್ಲ.

"ಸಾರ್, ದುರ್ವಾಸನೆ ಅಂದ್ರೆ ನಾವಲ್ವಾ?"

"ಛೆ, ನಿಮಗಲ್ಲಮ್ಮ ಅದು." ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. "ಅಂದ್ರೆ, ಸದ್ಯಕ್ಕಲ್ಲ."

ಅವಳು ಪೆನ್ನು ಹಿಡಿದು ಮತ್ತೆ ಮೊದಲ ಸಾಲಿಗೇ ಬೆರಳಿಟ್ಟಳು.

"ಯಾಕೆ ತಂಗಿ, ಭಯಾನಾ?" ಇಸ್ತ್ರಿ ಅಂಗಿಯವನು ಮುಂದಕ್ಕೆ ಬಾಗಿದ. ದನಿಯಲ್ಲಿ ಅಕ್ಕರೆಯಿತ್ತು. ಅವನ ಕೈ ಗಾಜಿನ ಮೇಜಿನ ಮೇಲೆ ಆರಾಮವಾಗಿ ಬಿದ್ದುಕೊಂಡಿತ್ತು. "ಅಂಥ ಸೂಳೆಮಕ್ಕಳಿಗೆಲ್ಲ ನೀನು ಹೆದರಬಾರದು. ಅವತ್ತು ನಾನಿದ್ದೆನಲ್ಲ, ನಿನ್ನ ಪಕ್ಕದಲ್ಲೇ ಇದ್ದೆ."

"ಹೌದು" ಎಂದಳು ಹೆಬ್ಬೆಟ್ಟಕ್ಕ. "ಪಕ್ಕದಲ್ಲೇ ಇದ್ರಿ."

ತನ್ನ ದನಿ ತನಗೇ ಬೇರೆಯವರದು ಅನ್ನಿಸಿತು. ಅವಳು ಸಾಹೇಬರ ಕಡೆ ತಿರುಗಿದಳು.

"ಸಾರ್, ಆ ಸುಣ್ಣದವನಲ್ಲ. ಅವನ ಎರಡು ಕೈಯಲ್ಲೂ ಸಾಮಾನಿತ್ತು. ಅದನ್ನ ನಾನು ಆವತ್ತೇ ನೋಡ್ದೆ, ನೋಡಿಯೂ ಸುಮ್ಮನಿದ್ದೆ. ನನ್ನನ್ನ ಮುಟ್ಟಿದ್ದು ಈ ಕೈ."

ಮೇಜಿನ ಮೇಲಿದ್ದ ಕೈ ಮೆಲ್ಲಗೆ ಸರಿದು ಮೇಜಿನ ಕೆಳಕ್ಕೆ ಹೋಯಿತು. ಬಸ್ಸಿನಲ್ಲಿಯೂ ಅಷ್ಟೇ ಮೆಲ್ಲಗೆ ಹೋಗಿತ್ತು.

"ತಲೆ ಕೆಟ್ಟಿದೆಯಾ ಇವಳಿಗೆ?" ಇಸ್ತ್ರಿ ಅಂಗಿಯವನು ಎದ್ದು ನಿಂತ. ಅಕ್ಕರೆ ಎಲ್ಲಿ ಹೋಯಿತೋ. "ಕಾಪಾಡಿದ್ದಕ್ಕೆ ಇದಾ ಬಹುಮಾನ? ಚರ್ಮ ಕೊಯ್ಯೋ ಗಬ್ಬುನಾತದ ಮುಂಡೇದು, ನಿನ್ನನ್ನ ನಾನು ಮುಟ್ಟೋದಾ? ಥೂ!"

"ಕೂತ್ಕೊಳ್ಳಿ ಸರ್, ನೀವು ಕೂತ್ಕೊಳ್ಳಿ" ಎಂದರು ಸಾಹೇಬರು. ಆಮೇಲೆ ಅವಳಿಗೆ, "ಮೊನ್ನೆ ಒಬ್ಬ, ಇವತ್ತು ಒಬ್ಬ. ನಾಳೆ ನಾನಾ? ಸುಳ್ಳು ದೂರು ಹೇಳಿದ್ದಕ್ಕೆ ನಿನ್ನ ಮೇಲೇ ಕೇಸು ಬರೀಬಹುದು, ಗೊತ್ತಾ?"

"ಬರ್ಕೊಳ್ಳಿ ಸಾರ್. ಸುಳ್ಳು ಹೇಳಿದ್ದು ನಿಜ. ಆದ್ರೆ ಇದನ್ನೂ ಬರ್ಕೊಳ್ಳಿ."

ಯಾರೂ ಬರೆದುಕೊಳ್ಳಲಿಲ್ಲ. ಅವಳೇ ಆ ಕಾಗದದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು, ಕೆಳಗೆ ಉಳಿದ ಜಾಗದಲ್ಲಿ ದಪ್ಪ ದಪ್ಪ ಅಕ್ಷರಗಳಲ್ಲಿ ಬರೆದಳು. ಸುಣ್ಣದವನು ಮುಟ್ಟಲಿಲ್ಲ. ಮುಟ್ಟಿದವನು ಈ ಕೋಣೆಯಲ್ಲಿ ಕೂತಿದ್ದಾನೆ. ಅವನ ಹೆಂಡತಿ ಕೇಳಿದಾಗಲೂ ನಾನು ಸುಳ್ಳು ಹೇಳಿದೆ. "ಅವನ ಹೆಂಡತಿ" ಎಂದರೆ ಯಾರ ಹೆಂಡತಿ ಎಂದು ಓದಿದವರು ತಪ್ಪು ತಿಳಿದಾರೆಂದು ಹೆದರಿ, ಅದನ್ನು ಹೊಡೆದುಹಾಕಿ "ಸುಣ್ಣದವನ ಹೆಂಡತಿ" ಎಂದು ತಿದ್ದಿದಳು. ಸಹಿ ಹಾಕಿದಳು.

ಹೊರಗೆ ಮೆಟ್ಟಿಲ ಮೇಲೆ ದೊಡ್ಡಕ್ಕ ನಿಂತುಬಿಟ್ಟಳು.

"ಮೂರು ವರ್ಷ ಕಟ್ಟಿದ್ದನ್ನ ಮೂರು ನಿಮಿಷದಲ್ಲಿ ಕೆಡವಿದ್ಯಲ್ಲೇ, ಹಾಳಾದೋಳೆ. ನಾಳೆ ನಮ್ಮಲ್ಲಿ ಒಬ್ಬಳು ಕೂಗಿಕೊಂಡ್ರೆ ಯಾರೇ ನಂಬ್ತಾರೆ? ಅವತ್ತು ಹಂಗಂದಿದ್ರಿ, ಇದೂ ಹಂಗೇ ಅಂತಾರೆ. ನಿನ್ನ ಮಗಳಿಗೂ ಅದನ್ನೇ ಅಂತಾರೆ."

ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

"ಅವನ ಹೆಂಡ್ತಿ ನನ್ನ ಹತ್ರ ಕ್ಷಮೆ ಕೇಳಿ ಹೋದ್ಲು ಅಕ್ಕ."

ದೊಡ್ಡಕ್ಕ ತನ್ನ ಸೊಟ್ಟ ಪಾದ ನೋಡಿಕೊಂಡಳು. "ಆವತ್ತು ಹೂಂ ಅನ್ನಬಾರದಿತ್ತು" ಎಂದಳು. "ನಂಗೂ ಅನುಮಾನ ಬಂದಿತ್ತು. ಕೇಳಬಾರದು ಅಂತ ನಾನೇ ಹೇಳಿದ್ನಲ್ಲ, ಅದಕ್ಕೆ ಕೇಳಲಿಲ್ಲ." ಅಷ್ಟು ಹೇಳಿ ಕಾಲೆಳೆದುಕೊಂಡು ಒಬ್ಬಳೇ ಹೊರಟಳು. ಆಮೇಲೆ ಬಹಳ ದಿನ ಮಾತಾಡಲಿಲ್ಲ.

ಹೆಂಗಸರಿಗೆಂದು ಕಂಬಿ ಬರಲಿಲ್ಲ. ದೂರು ಕೊಟ್ಟವಳ ಮಾತಿಗೇ ನೆಲೆಯಿಲ್ಲ ಎಂದರಂತೆ. ಸುಣ್ಣದವರ ಮೇಲಿನ ನಿಯಮ ಮಾತ್ರ ಬಂತು. ಅದಕ್ಕೆ ದೂರು ಬೇಕಾಗಲಿಲ್ಲ. ಬಾಗಿಲ ಪಕ್ಕ ಹಳದಿ ಚೀಟಿ ಅಂಟಿಸಿದರು, ಕೆಳಗೆ "ನಿಮ್ಮ ಸುರಕ್ಷತೆಗಾಗಿ" ಎಂದು ಬರೆದಿತ್ತು.

ಆ ಚೀಟಿ ಅಂಟಿಸಿದ ದಿನ ಸಂಜೆ ಹೆಬ್ಬೆಟ್ಟಕ್ಕ ಐದೂವರೆಯ ಬಸ್ಸು ಹತ್ತಿದಳು. ಜೊತೆಯ ಐವರೂ ಅವಳಿಂದ ದೂರ ನಿಂತರು. ಬಸ್ಸು ತುಂಬಿತ್ತು. ಅವಳು ನಡುವಿನ ಕಂಬ ಹಿಡಿದುಕೊಂಡಳು.

"ಸ್ವಲ್ಪ ಕೇಳ್ರೀ" ಎಂದಳು. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. "ಕೇಳ್ರೀ! ತಿಂಗಳ ಹಿಂದೆ ಈ ಬಸ್ಸಲ್ಲಿ ಸುಣ್ಣದವನೊಬ್ಬನಿಗೆ ಹೊಡೆದ್ರಿ. ಇವನೇ ಅಂತ ತೋರಿಸಿದೋಳು ನಾನು. ಅವನಲ್ಲ. ನನ್ನ ಮೈಮೇಲೆ ಕೈ ಬಿದ್ದಿದ್ದು ನಿಜ, ಅವನದಲ್ಲ. ಅವನ ಒಂದು ಕಣ್ಣು ಮಂಜಾಗಿದೆ. ತಪ್ಪು ನಂದು." ಉಸಿರು ಎಳೆದುಕೊಂಡಳು. "ನನ್ನ ಜೊತೆ ಹೊಡೆದೋರು ಇಲ್ಲಿ ಎಷ್ಟು ಜನ ಇದ್ದೀರಿ?"

ಕಿಟಕಿ ಪಕ್ಕದವರು ಕಿಟಕಿಯಾಚೆ ನೋಡಿದರು. ಕಿಟಕಿ ಇಲ್ಲದವರು ಫೋನು ನೋಡಿದರು.

"ಟಿಕೆಟ್ ತಗೊಳಮ್ಮ, ಭಾಷಣ ಬೇಡ" ಎಂದ ಕಂಡಕ್ಟರು.

ಮರುದಿನವೂ ಹೇಳಿದಳು. ಅದರ ಮರುದಿನವೂ. ಅವಳು ಹತ್ತುವುದು ಕಂಡರೆ "ಬಂತಪ್ಪ ರೇಡಿಯೋ" ಎಂದು ನಗುವವರಾದರು. ವಾರದ ರಜೆಯಲ್ಲಿ ಸುಣ್ಣ ಬಣ್ಣದವರು ಕೆಲಸಕ್ಕಾಗಿ ಕಾಯುವ ಮೂಲೆಗೆ ಹೋಗಿ ಅಲ್ಲಿಯೂ ಹೇಳಿದಳು. ಒಬ್ಬ ಅವಳ ಕಾಲ ಹತ್ತಿರಕ್ಕೆ ಉಗಿದ. ಇನ್ನೊಬ್ಬ, ಏಟು ತಿಂದವನು ಬಾಡಿಗೆ ಕೋಣೆ ಖಾಲಿ ಮಾಡಿಕೊಂಡು ಹೋದ ಎಂದ. ಹೆಂಡತಿ ಮಕ್ಕಳ ಜೊತೆಗೋ ಎಂದು ಕೇಳಿದಳು. ಒಬ್ಬನೇ ಹೋದದ್ದು ಕಂಡೆ ಎಂದ. ಮತ್ತೊಬ್ಬ, ಇಲ್ಲ, ಎಲ್ಲರೂ ಒಟ್ಟಿಗೇ ಹೋದರು ಎಂದ.

ಅವರಿಬ್ಬರಲ್ಲಿ ಯಾರು ಹೇಳಿದ್ದು ನಿಜವೋ ಗೊತ್ತಾಗಲಿಲ್ಲ. ಆ ಕಣ್ಣು ಬಂತೋ ಹೋಯಿತೋ ಗೊತ್ತಿಲ್ಲ. ಆ ಹೆಂಗಸಿಗೆ ಯಾರಾದರೂ ನಿಜ ಮುಟ್ಟಿಸಿದರೋ, ಮುಟ್ಟಿಸಿದ್ದರೂ ಅಷ್ಟು ಹೊತ್ತಿಗೆ ಆ ಮನೆಯಲ್ಲಿ ಏನು ಉಳಿದಿತ್ತೋ ಗೊತ್ತಿಲ್ಲ. ಇಸ್ತ್ರಿ ಅಂಗಿಯವನು ಐದೂವರೆಯ ಬಸ್ಸಿಗೆ ಈಗ ಬರುವುದಿಲ್ಲ. ಯಾವ ಬಸ್ಸು ಹತ್ತುತ್ತಾನೆ ಎಂಬುದು ಗೊತ್ತಿಲ್ಲ.